ತೆರೆಯ ಹಿಂದಿನ ಪದವಿ

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಕಾಲೇಜಿನ ವಾರ್ಷಿಕೋತ್ಸವದಲ್ಲಿ ನಾಟಕವಾಡಿದ್ದುಂಟೆ? ಆಡಿದ್ದರೆ ಆ ಸಂಜೆಯನ್ನು ನೀವು ಮರೆತಿರಲಾರಿರಿ. ಮನೆಮಂದಿಯೆಲ್ಲ ಹೊತ್ತಿಗೆ ಮುಂಚೆಯೇ ಹೋಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ. ತೆರೆ ಎದ್ದು, ನಿಮ್ಮ ಮಗ ಅಂಟಿಸಿದ ಮೀಸೆಯೊಡನೆ ರಂಗದ ಮೇಲೆ ಬಂದಾಗ, ಪಕ್ಕದವರಿಗೆ ಕೇಳುವಂತೆ ‘ನಮ್ಮವನೇ’ ಎಂದಿದ್ದೀರಿ. ಮನೆಗೆ ಬಂದ ಮೇಲೆ ಅಜ್ಜಿ ದೃಷ್ಟಿಯನ್ನೂ ತೆಗೆದಿರಬಹುದು. ಮರುದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಅದೇ ಹುಡುಗ, ‘ಅಪ್ಪಾ, ನಾನು ಬಿ.ಎ.ಗೆ ನಾಟಕವನ್ನೇ ತೆಗೆದುಕೊಳ್ಳುತ್ತೇನೆ’ ಎಂದನೆನ್ನಿ. ಒಳಗೆ ಪಾತ್ರೆಯ ಸದ್ದು ನಿಲ್ಲುತ್ತದೆ. ತಂದೆ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಡುತ್ತಾರೆ. ‘ತೆಗೆದುಕೊಂಡು, ಮುಂದೆ?’ ಎಂಬ ಪ್ರಶ್ನೆ ಹೊರಬೀಳುತ್ತದೆ.

ಈ ಪ್ರಶ್ನೆ ಕೇಳುವುದು ತಪ್ಪೆಂದು ಯಾರೂ ಹೇಳಲಾರರು. ಮಕ್ಕಳ ಅನ್ನದ ಚಿಂತೆ ಹೆತ್ತವರಿಗಲ್ಲದೆ ಇನ್ನಾರಿಗೆ? ನಾಟಕಕ್ಕೆ ಪದವಿ ಕೊಡಲು ತೊಡಗಿ ನೂರು ವರ್ಷಕ್ಕೂ ಮೇಲಾದ ಅಮೆರಿಕದಲ್ಲಿಯೂ ತಂದೆತಾಯಿಗಳು ಇದನ್ನೇ ಕೇಳುತ್ತಾರೆ. ಆದರೂ ಅಲ್ಲಿನ ಹಲವು ಕಾಲೇಜುಗಳು, ನಾಟಕವನ್ನು ಓದಿ ಪದವೀಧರರಾದ ಮಕ್ಕಳನ್ನು ವರ್ಷಕ್ಕೊಮ್ಮೆ ಅವರ ಹೆತ್ತವರ ಕಣ್ಣೆದುರಿಗೇ ರಂಗದ ಮೇಲೆ ನಿಲ್ಲಿಸಿ, ಸಂಭ್ರಮದಿಂದ ಬೀಳ್ಕೊಡುತ್ತವೆ. ಏನನ್ನು ಕಂಡು ಆ ಸಂಭ್ರಮ? ಅದನ್ನು ಸ್ವಲ್ಪ ವಿಚಾರಿಸಿದರೆ, ನಮ್ಮ ಕಾಫಿಯ ಹೊತ್ತಿನ ಪ್ರಶ್ನೆಗೂ ಉತ್ತರ ಹೇಳಲು ಅನುಕೂಲವಾದೀತು.

ಅಮೆರಿಕದಲ್ಲಿ ನಾಟಕ ಕಲಿಯಲು ಎರಡು ದಾರಿಗಳುಂಟು. ಒಂದು, ನಟನೆಯನ್ನೇ ವೃತ್ತಿಯೆಂದು ಹಿಡಿದವರಿಗೆ ತರಬೇತು ಕೊಡುವ ಶಾಲೆ. ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಸಂಸ್ಥೆಯಲ್ಲಿ ೧೯೧೪ರಲ್ಲಿ ತೊಡಗಿದ ನಾಟಕ ವಿಭಾಗ ಆ ದೇಶದಲ್ಲಿ ನಾಟಕಕ್ಕೆ ಪದವಿ ಕೊಟ್ಟವುಗಳಲ್ಲಿ ಮೊದಲನೆಯದು. ಎರಡನೆಯ ದಾರಿ, ‘ಲಿಬರಲ್ ಆರ್ಟ್ಸ್ ಕಾಲೇಜು’ ಎಂದು ಕರೆಸಿಕೊಳ್ಳುವ ಸಣ್ಣ ಕಾಲೇಜಿನದು. ನಾನು ಹೇಳಹೊರಟಿರುವುದು ಈ ಎರಡನೆಯದನ್ನು ಕುರಿತು.

‘ಆರ್ಟ್ಸ್’ ಎಂಬ ಮಾತನ್ನು ಕಂಡು ಇಲ್ಲಿ ವಿಜ್ಞಾನಕ್ಕೆ ಎಡೆಯಿಲ್ಲವೆಂದು ತಿಳಿಯಬಾರದು. ಗಣಿತ, ರಸಾಯನಶಾಸ್ತ್ರ, ಇತಿಹಾಸ, ಸಂಗೀತ, ತತ್ತ್ವಶಾಸ್ತ್ರ ಎಲ್ಲವೂ ಉಂಟು. ಇಂಥ ಕಾಲೇಜು ಸಾಮಾನ್ಯವಾಗಿ ಚಿಕ್ಕ ಊರಿನಲ್ಲಿರುತ್ತದೆ. ವಿದ್ಯಾರ್ಥಿಗಳ ಸಂಖ್ಯೆ ಎರಡು ಸಾವಿರದ ಆಸುಪಾಸು. ಬಹುಮಂದಿ ಅಲ್ಲಿಯೇ ವಾಸವಾಗಿದ್ದು ನಾಲ್ಕು ವರ್ಷ ಓದುತ್ತಾರೆ. ಮುಖ್ಯ ವಿಷಯ ಯಾವುದೆಂದು ಸೇರಿದ ದಿನವೇ ನಿರ್ಧರಿಸಬೇಕಾಗಿಲ್ಲ. ಎರಡನೆಯ ವರ್ಷದ ಕೊನೆಯವರೆಗೂ ಕಾಲಾವಕಾಶವಿರುತ್ತದೆ. ನಾಟಕವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡವನಿಗೂ ಅವನ ಒಟ್ಟು ಪಾಠಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ನಾಟಕ. ಉಳಿದುದು ಅರ್ಥಶಾಸ್ತ್ರವೋ ಜೀವಶಾಸ್ತ್ರವೋ ಒಂದು ಪರಭಾಷೆಯೋ ಆಗಿರುತ್ತದೆ. ರಾಜನ ಪಾತ್ರವನ್ನು ಮಾಡುವವನಿಗೆ ರಾಜ್ಯ ನಡೆಯುವ ಬಗೆಯೂ ಸ್ವಲ್ಪ ತಿಳಿದಿರಲಿ ಎಂಬುದು ಅಲ್ಲಿನವರ ಎಣಿಕೆ.

ಇನ್ನು ನಾಟಕದ ಪಾಠವೆಂದರೇನು? ಮೊದಲ ದಿನವೇ ಹ್ಯಾಮ್ಲೆಟನ ಪಾತ್ರ ಸಿಕ್ಕೀತೆಂದು ಆಸೆಯಿಂದ ಬಂದ ಹುಡುಗನ ಕೈಗೆ ಸುತ್ತಿಗೆ ಬರುತ್ತದೆ. ರಂಗಸಜ್ಜಿಕೆಯ ಬಡಗಿಮನೆಯಲ್ಲಿ ಹಲಗೆ ಕೊಯ್ಯಬೇಕು, ಬಣ್ಣ ಬಳಿಯಬೇಕು. ಇನ್ನೊಂದು ನಾಟಕಕ್ಕೆ ಉಡುಪು ಹೊಲಿಯುವವರ ಜತೆ ಗುಂಡಿ ಕಟ್ಟಬೇಕು. ಮತ್ತೊಂದಕ್ಕೆ ಏಣಿ ಹತ್ತಿ ದೀಪಗಳನ್ನು ತಿರುಗಿಸಬೇಕು. ಟಿಕೆಟಿನ ಕಿಂಡಿಯಲ್ಲಿ ಕುಳಿತು ಚಿಲ್ಲರೆಯ ಲೆಕ್ಕ ಒಪ್ಪಿಸುವ ಸರದಿಯೂ ಬರುತ್ತದೆ. ನಟನಾಗುವವನಿಗೆ ಇದೆಲ್ಲ ಏಕೆ? ತನ್ನ ಮುಖದ ಮೇಲೆ ಬಿದ್ದ ಬೆಳಕು ತಾನಾಗಿ ಬಿದ್ದುದಲ್ಲ, ಯಾರೋ ಒಬ್ಬರು ಕತ್ತಲಲ್ಲಿ ಕುಳಿತು ಬೀಳಿಸಿದ್ದು ಎಂಬುದು ಅವನಿಗೆ ತಿಳಿದಿರಬೇಕು.

ಎಲ್ಲಕ್ಕಿಂತ ಕಷ್ಟದ ಕೆಲಸ ‘ಸ್ಟೇಜ್ ಮ್ಯಾನೇಜರ್’ ಎಂಬುವನದು. ತಾಲೀಮಿನ ಮೊದಲ ದಿನದಿಂದ ಅವನ ಮುಂದೆ ಒಂದು ದಪ್ಪ ಪುಸ್ತಕವಿರುತ್ತದೆ. ಯಾವ ಮಾತಿಗೆ ಯಾರು ಎಲ್ಲಿಂದ ಎಲ್ಲಿಗೆ ನಡೆಯಬೇಕು, ಯಾವ ದೀಪ ಯಾವಾಗ ಕುಂದಬೇಕು, ಗುಡುಗು ಯಾವ ಶಬ್ದದ ಮೇಲೆ ಬರಬೇಕು, ಎಲ್ಲವನ್ನೂ ಅವನು ಪೆನ್ಸಿಲಿನಿಂದ ಗುರುತುಹಾಕಿಕೊಳ್ಳುತ್ತಾನೆ. ನೀವು ಆಕಾಶವಾಣಿಯಲ್ಲಿ ನಾಟಕ ಕೇಳುವಾಗ, ‘ಯಾರದು?’ ಎಂಬ ಮಾತಿಗೆ ಸರಿಯಾಗಿ ಬಾಗಿಲಿನ ಸದ್ದಾಗುವುದನ್ನು ಗಮನಿಸಿರಬಹುದು. ಅರ್ಧ ನಿಮಿಷ ಹಿಂದುಮುಂದಾದರೆ ಭಯಾನಕವಾಗಬೇಕಾದುದು ಹಾಸ್ಯವಾಗುತ್ತದೆ. ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಮೂವತ್ತು ಮಂದಿಯ ಗುಂಪನ್ನು, ಅದರಲ್ಲಿ ಕೆಲವರು ಮುಂಗೋಪಿಗಳು, ಕೆಲವರು ಹೊತ್ತಿಗೆ ಬಾರದವರು, ಆರು ವಾರ ನಡೆಸಿಕೊಂಡು ಹೋಗಿ, ಗೊತ್ತಾದ ದಿನ ಗೊತ್ತಾದ ಗಂಟೆಗೆ ತೆರೆ ಎತ್ತಿಸುತ್ತಾಳೆ. ಪ್ರೇಕ್ಷಕರಲ್ಲಿ ಒಬ್ಬರೂ ಅವಳ ಮುಖವನ್ನು ನೋಡಿರುವುದಿಲ್ಲ.

ನಾಲ್ಕನೆಯ ವರ್ಷದಲ್ಲಿ ಎಷ್ಟೋ ಕಾಲೇಜುಗಳಲ್ಲಿ ಪ್ರತಿಯೊಬ್ಬರೂ ಒಂದು ಸ್ವಂತ ಕಾರ್ಯವನ್ನು ಪೂರೈಸಬೇಕಾಗುತ್ತದೆ. ಒಬ್ಬಳು ನಾಟಕವೊಂದನ್ನು ನಿರ್ದೇಶಿಸುತ್ತಾಳೆ. ಒಬ್ಬ ಅದಕ್ಕೆ ಸಜ್ಜಿಕೆಯನ್ನು ಯೋಜಿಸುತ್ತಾನೆ. ಮತ್ತೊಬ್ಬ ತಾನೇ ನಾಟಕ ಬರೆಯುತ್ತಾನೆ. ಇನ್ನೊಬ್ಬಳು ಹಳೆಯ ನಾಟಕಕಾರನೊಬ್ಬನ ಮೇಲೆ ಪ್ರಬಂಧ ಸಿದ್ಧಪಡಿಸುತ್ತಾಳೆ. ಹಣ ಅಷ್ಟಕ್ಕಷ್ಟೆ. ಪ್ರಯೋಗ ಎರಡು ಮೂರು ರಾತ್ರಿ ಮಾತ್ರ. ಮುಗಿದ ಮೇಲೆ ಏಕೆ ಹೀಗೆ ಮಾಡಿದೆ, ಎಲ್ಲಿ ಎಡವಿದೆ ಎಂದು ಅಧ್ಯಾಪಕರ ಮುಂದೆ ಸಮಜಾಯಿಷಿ ಹೇಳಬೇಕು.

ಕೊನೆಯ ಪ್ರಯೋಗದ ರಾತ್ರಿ ಇನ್ನೊಂದು ಕೆಲಸ ಕಾದಿರುತ್ತದೆ. ಚಪ್ಪಾಳೆ ನಿಂತು ಪ್ರೇಕ್ಷಕರು ಹೊರಟೊಡನೆ ನಾಯಕ ನಾಯಕಿ ಸಹಿತ ಎಲ್ಲರೂ ಬಣ್ಣ ತೊಳೆದು, ಹಳೆಯ ಬಟ್ಟೆ ತೊಟ್ಟು, ವಾರಗಟ್ಟಲೆ ಕಟ್ಟಿದ ಅರಮನೆಯನ್ನು ಕೆಲವೇ ಗಂಟೆಗಳಲ್ಲಿ ಬಿಚ್ಚಿ ಪೇರಿಸುತ್ತಾರೆ. ಮೊಳೆಗಳನ್ನು ಕಿತ್ತು ಡಬ್ಬಿಗೆ ಹಾಕುತ್ತಾರೆ. ನಡುರಾತ್ರಿಗೆ ರಂಗ ಬರಿದು. ನಡುವೆ ಒಂದು ಕಂಬದ ಮೇಲೆ ಒಂದೇ ಒಂದು ಬಲ್ಬು ಬೆಳಗುತ್ತಿರುತ್ತದೆ. ಕತ್ತಲಲ್ಲಿ ಬಂದವರು ರಂಗದ ಅಂಚಿನಿಂದ ಕೆಳಗೆ ಬೀಳದಿರಲೆಂದು ಈ ದೀಪ. ನಾಟಕದವರು ಇದನ್ನು ‘ದೆವ್ವದ ದೀಪ’ ಎಂದು ಕರೆದು, ಹಳೆಯ ನಟರ ಪ್ರೇತಗಳು ರಾತ್ರಿ ಬಂದು ಆಡಿಕೊಳ್ಳಲಿ ಎಂದು ಬಿಟ್ಟಿದ್ದೇವೆ ಎಂದು ತಮಾಷೆ ಮಾಡುವುದುಂಟು.

ಬೀಳ್ಕೊಡುಗೆಯ ಸಂಭ್ರಮಕ್ಕೆ ಕಾರಣ ಇಲ್ಲಿಯೇ ಇದೆ. ಚಿತ್ರ ಬರೆದವನಿಗೆ ಚಿತ್ರ ಉಳಿಯುತ್ತದೆ. ಪ್ರಬಂಧ ಬರೆದವನಿಗೆ ಪುಸ್ತಕ ಉಳಿಯುತ್ತದೆ. ನಾಟಕದ ವಿದ್ಯಾರ್ಥಿ ನಾಲ್ಕು ವರ್ಷ ದುಡಿದುದಕ್ಕೆ ತೋರಿಸಲು ಒಂದೆರಡು ಛಾಯಾಚಿತ್ರಗಳಲ್ಲದೆ ಬೇರೇನೂ ಇಲ್ಲ. ಉಳಿಯುವುದು ಆ ಹುಡುಗ ಹುಡುಗಿಯರು ಮಾತ್ರ. ಆದ್ದರಿಂದ ಅವರನ್ನೇ ರಂಗಕ್ಕೆ ಕರೆದು ತೋರಿಸಬೇಕಾಗುತ್ತದೆ.

ಪದವೀದಾನಕ್ಕೆ ನಾವು ‘ಘಟಿಕೋತ್ಸವ’ ಎನ್ನುತ್ತೇವೆ. ಕದಂಬರ ಮಯೂರಶರ್ಮ ಗುರುವಿನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ ಹೋದನೆಂದು ತಾಳಗುಂದದ ಶಾಸನ ಹೇಳುತ್ತದಷ್ಟೆ. ಆ ಘಟಿಕೆಯ ನೆನಪು ನಮ್ಮ ಮಾತಿನಲ್ಲಿ ಉಳಿದಿದೆ. ಅಮೆರಿಕದವರು ಇದೇ ಸಮಾರಂಭವನ್ನು ‘ಕಮೆನ್ಸ್‌ಮೆಂಟ್’, ಎಂದರೆ ‘ಆರಂಭ’, ಎಂದು ಕರೆಯುತ್ತಾರೆ. ಮೇ ತಿಂಗಳಿನಲ್ಲಿ, ಹಸುರು ಹುಲ್ಲಿನ ಅಂಗಳದಲ್ಲಿ, ಕಪ್ಪು ನಿಲುವಂಗಿ ತೊಟ್ಟ ನೂರಾರು ಮಂದಿ ಸಾಲಾಗಿ ನಡೆದು ಪದವಿಪತ್ರ ಪಡೆಯುವುದು ಎಲ್ಲರಿಗೂ ಸಮಾನವಾದ ಸಮಾರಂಭ. ಅದರ ಹಿಂದುಮುಂದಿನ ದಿನಗಳಲ್ಲಿ ನಾಟಕ ವಿಭಾಗದವರು ತಮ್ಮ ರಂಗಮಂದಿರದಲ್ಲಿ ಪ್ರತ್ಯೇಕವಾಗಿ ಸೇರುವುದುಂಟು. ಪ್ರಾಧ್ಯಾಪಕರ ಜತೆಗೆ ಬಡಗಿಮನೆಯ ಮೇಸ್ತ್ರಿಯೂ ಉಡುಪಿನ ವಿಭಾಗದ ಹೊಲಿಗೆಯವರೂ ಇರುತ್ತಾರೆ. ಒಬ್ಬೊಬ್ಬರ ಹೆಸರನ್ನು ಕರೆದು, ಅವರು ಮಾಡಿದ ಕೆಲಸವನ್ನು ನೆನೆಯುತ್ತಾರೆ. ನಾಲ್ಕು ವರ್ಷ ತೆರೆಯ ಹಿಂದೆಯೇ ಇದ್ದ ಹುಡುಗಿ ಅಂದು ಬೆಳಕಿಗೆ ಬಂದು, ಕಣ್ಣು ಕುಕ್ಕಿ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಲ್ಲುತ್ತಾಳೆ. ದೂರದ ಊರಿನಿಂದ ಬಂದ ತಂದೆತಾಯಿಗಳಿಗೆ, ಮಗಳು ಇಷ್ಟು ದಿನ ಏನು ಮಾಡುತ್ತಿದ್ದಳೆಂಬುದು ಆಗ ಅರ್ಥವಾಗುತ್ತದೆ.

ಒಪ್ಪಬಹುದು, ಆದರೆ ಇವರಿಂದ ಲೋಕಕ್ಕೇನು ಪ್ರಯೋಜನ ಎಂದು ಕೇಳುತ್ತೀರಿ. ಅದಕ್ಕೆ ಉತ್ತರವಾಗಿ ಒಬ್ಬ ಮಹಿಳೆಯ ಕತೆಯನ್ನು ಹೇಳಬೇಕು.

ಆಕೆಯ ಹೆಸರು ಹ್ಯಾಲಿ ಫ್ಲ್ಯಾನಗನ್. ಅಯೋವ ಸಂಸ್ಥಾನದ ಗ್ರಿನೆಲ್ ಎಂಬ ಸಣ್ಣ ಊರಿನ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಓದಿ ೧೯೧೧ರಲ್ಲಿ ಪದವಿ ಪಡೆದರು. ಓದಿದ್ದು ತತ್ತ್ವಶಾಸ್ತ್ರ ಮತ್ತು ಜರ್ಮನ್ ಭಾಷೆ. ನಾಟಕದ ಹುಚ್ಚು ಜತೆಗೇ ಬೆಳೆಯಿತು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಪತಿ ಕ್ಷಯರೋಗದಿಂದ ತೀರಿಕೊಂಡರು. ಇಬ್ಬರು ಗಂಡುಮಕ್ಕಳನ್ನು ಸಾಕಲು ಆಕೆ ಉಪಾಧ್ಯಾಯಿನಿಯಾದರು. ಹಿರಿಯ ಮಗನೂ ಬಾಲ್ಯದಲ್ಲಿಯೇ ತೀರಿಹೋದ. ಇಷ್ಟು ದುಃಖದ ನಡುವೆ ಆಕೆ ಹಾರ್ವರ್ಡಿಗೆ ಹೋಗಿ, ನಾಟಕ ರಚನೆಯನ್ನು ಕಲಿಸುತ್ತಿದ್ದ ಜಾರ್ಜ್ ಪಿಯರ್ಸ್ ಬೇಕರ್ ಎಂಬ ಪ್ರಾಧ್ಯಾಪಕರ ಶಿಷ್ಯೆಯಾದರು. ಯೂಜೀನ್ ಓನೀಲ್ ಕೂಡ ಮುಂಚೆ ಅವರ ಶಿಷ್ಯನೇ.

೧೯೨೫ರಲ್ಲಿ ಫ್ಲ್ಯಾನಗನ್ ನ್ಯೂಯಾರ್ಕ್ ಸಂಸ್ಥಾನದ ವ್ಯಾಸರ್ ಕಾಲೇಜಿಗೆ ಬಂದರು. ೧೮೬೧ರಲ್ಲಿ ಸ್ಥಾಪಿತವಾದ ಇದು ಆಗ ಕೇವಲ ಸ್ತ್ರೀಯರ ಕಾಲೇಜು. ಅಲ್ಲಿ ಆಕೆ ‘ಪ್ರಯೋಗ ರಂಗಭೂಮಿ’ಯನ್ನು ಕಟ್ಟಿದರು. ರಸಾಯನಶಾಸ್ತ್ರಕ್ಕೆ ಪ್ರಯೋಗಶಾಲೆ ಇರುವಂತೆ ನಾಟಕಕ್ಕೂ ಇರಬೇಕೆಂಬುದು ಅದರ ಉದ್ದೇಶ. ೧೯೨೭ರಲ್ಲಿ ಚೆಕಾಫನ ಒಂದು ಚಿಕ್ಕ ಪ್ರಹಸನವನ್ನು ಒಂದೇ ಸಂಜೆ ಮೂರು ಬೇರೆ ಬೇರೆ ಶೈಲಿಗಳಲ್ಲಿ ಆಡಿಸಿದರು. ಮಾತು ಅದೇ, ನಡೆ, ನೋಟ, ಸಜ್ಜಿಕೆ ಬೇರೆಯಾದರೆ ಅರ್ಥ ಹೇಗೆ ಬೇರೆಯಾಗುತ್ತದೆಂದು ಪ್ರೇಕ್ಷಕರು ಕಣ್ಣಾರೆ ಕಂಡರು. ೧೯೩೧ರಲ್ಲಿ, ಆರ್ಕನ್ಸಾಸಿನ ಬರದಲ್ಲಿ ಸಿಕ್ಕಿ ಅನ್ನವಿಲ್ಲದೆ ನರಳುತ್ತಿದ್ದ ರೈತರನ್ನು ಕುರಿತು, ಅಚ್ಚಾಗಿದ್ದ ಒಂದು ಕತೆಯ ಆಧಾರದಿಂದ ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳೊಡನೆ ನಾಟಕ ಬರೆದು ಕಾಲೇಜಿನಲ್ಲಿಯೇ ಆಡಿಸಿದರು. ಉಂಡುಟ್ಟು ಸುಖವಾಗಿದ್ದ ಮನೆಗಳ ಹೆಣ್ಣುಮಕ್ಕಳು ಹಸಿದವರ ಮಾತನ್ನು ತಮ್ಮ ಬಾಯಿಂದ ಆಡಬೇಕಾಯಿತು. ಅಂಥ ಪಾಠವನ್ನು ಪುಸ್ತಕ ಕಲಿಸುವುದು ಕಷ್ಟ.

ಅಮೆರಿಕದಲ್ಲಿ ಮಹಾ ಆರ್ಥಿಕ ಮುಗ್ಗಟ್ಟಿನ ಕಾಲ ಅದು. ಕೋಟ್ಯಂತರ ಜನ ಕೆಲಸ ಕಳೆದುಕೊಂಡಿದ್ದರು. ನಟರು, ವಾದ್ಯಗಾರರು, ರಂಗದ ಬಡಗಿಗಳು, ಸರ್ಕಸ್ಸಿನವರು ಸಹ ಬೀದಿಗೆ ಬಿದ್ದಿದ್ದರು. ೧೯೩೫ರಲ್ಲಿ ಸರ್ಕಾರ ಇವರಿಗೆ ಕೆಲಸ ಕೊಡಲು ‘ಫೆಡರಲ್ ಥಿಯೇಟರ್’ ಎಂಬ ಯೋಜನೆಯನ್ನು ಹೂಡಿತು. ಪರಿಹಾರ ಕಾರ್ಯದ ಮುಖ್ಯಾಧಿಕಾರಿ ಹ್ಯಾರಿ ಹಾಪ್ಕಿನ್ಸ್ ಗ್ರಿನೆಲ್ ಕಾಲೇಜಿನ ಹಳೆಯ ವಿದ್ಯಾರ್ಥಿ. ಅವರು ನ್ಯೂಯಾರ್ಕಿನ ದೊಡ್ಡ ವ್ಯವಹಾರಸ್ಥರನ್ನು ಬಿಟ್ಟು ಫ್ಲ್ಯಾನಗನ್ನರನ್ನು ಕರೆಸಿ ಇಡೀ ದೇಶದ ಹೊಣೆಯನ್ನು ಒಪ್ಪಿಸಿದರು. ಸಣ್ಣ ಕಾಲೇಜಿನ ಅಧ್ಯಾಪಿಕೆ ಸುಮಾರು ೧೨,೦೦೦ ಮಂದಿಗೆ ಕೆಲಸ ಕೊಡುವ ಯಜಮಾನಿಯಾದರು. ನಾಟಕವನ್ನೇ ಕಾಣದಿದ್ದ ಊರುಗಳಿಗೆ ನಾಟಕ ಹೋಯಿತು. ಎಷ್ಟೋ ಕಡೆ ಪುಕ್ಕಟೆಯಾಗಿ. ವಸತಿ, ವಿದ್ಯುತ್ತು, ಬೇಸಾಯ ಮುಂತಾದ ದಿನದಿನದ ಸಮಸ್ಯೆಗಳನ್ನು ‘ಜೀವಂತ ವೃತ್ತಪತ್ರಿಕೆ’ ಎಂಬ ಹೊಸ ಬಗೆಯ ನಾಟಕಗಳು ಜನರ ಮುಂದಿಟ್ಟವು. ಈ ಯೋಜನೆಗೆ ಒಂದು ರೇಡಿಯೋ ವಿಭಾಗವೂ ಇತ್ತೆಂಬುದು ನಮ್ಮ ಶ್ರೋತೃಗಳಿಗೆ ಸಂತೋಷದ ವಿಷಯ. ೧೯೩೬ರ ಅಕ್ಟೋಬರ್ ೨೭ರಂದು ಒಂದೇ ನಾಟಕ ದೇಶದ ಹಲವಾರು ನಗರಗಳಲ್ಲಿ ಒಟ್ಟಿಗೆ ತೆರೆ ಕಂಡಿತು. ಕಾಲೇಜಿನ ಪುಟ್ಟ ರಂಗದಲ್ಲಿ ಕಲಿತಿದ್ದ ಹೊತ್ತಿನ ಶಿಸ್ತು ಅಂದು ಇಡೀ ದೇಶಕ್ಕೆ ಹರಡಿತೆನ್ನಬಹುದು.

ಕತೆ ಸುಖಾಂತವಲ್ಲ. ಈ ನಾಟಕಗಳಲ್ಲಿ ಕ್ರಾಂತಿಕಾರಕ ವಿಚಾರಗಳಿವೆಯೆಂದು ಕೆಲವು ಜನಪ್ರತಿನಿಧಿಗಳಿಗೆ ಸಂಶಯ ಹುಟ್ಟಿತು. ೧೯೩೮ರ ಡಿಸೆಂಬರಿನಲ್ಲಿ ಫ್ಲ್ಯಾನಗನ್ನರನ್ನು ವಿಚಾರಣಾ ಸಮಿತಿಯ ಮುಂದೆ ಕರೆಸಿದರು. ಆಕೆ ತಮ್ಮ ಒಂದು ಬರಹದಲ್ಲಿ ಮಾರ್ಲೋನ ಹೆಸರನ್ನು ಹೇಳಿದ್ದರು. ಈ ಮಾರ್ಲೋ ಕಮ್ಯೂನಿಸ್ಟನೇ ಎಂದು ಸದಸ್ಯರೊಬ್ಬರು ಕೇಳಿದರು. ಆತ ಷೇಕ್ಸ್‌ಪಿಯರನಿಗೆ ತುಸು ಹಿಂದಿನ ಮಹಾ ನಾಟಕಕಾರನೆಂದು ಆಕೆ ಶಾಂತವಾಗಿ ಉತ್ತರಿಸಿದರು. ಸಭೆ ನಕ್ಕಿತು, ಆದರೆ ನಗೆಯಿಂದ ಹಣ ಉಳಿಯಲಿಲ್ಲ. ೧೯೩೯ರ ಜೂನ್ ೩೦ಕ್ಕೆ ಯೋಜನೆ ಮುಗಿಯಿತು. ಪ್ರಯೋಗದ ಕೊನೆಯ ರಾತ್ರಿ ಸಜ್ಜಿಕೆ ಬಿಚ್ಚಿದಂತೆ ಎಲ್ಲವನ್ನೂ ಬಿಚ್ಚಿಡಬೇಕಾಯಿತು. ಫ್ಲ್ಯಾನಗನ್ ಮತ್ತೆ ಕಾಲೇಜಿಗೆ ಹಿಂದಿರುಗಿದರು, ೧೯೪೨ರಿಂದ ಸ್ಮಿತ್ ಕಾಲೇಜಿನಲ್ಲಿ ಕೆಲಸ ಮಾಡಿದರು, ೧೯೬೯ರಲ್ಲಿ ತೀರಿಕೊಂಡರು. ವ್ಯಾಸರಿನಲ್ಲಿ ೧೯೧೨ರಲ್ಲಿ ಕಟ್ಟಿದ್ದ ವಿದ್ಯುದಾಗಾರವೊಂದನ್ನು ೧೯೭೩ರಲ್ಲಿ ನಾಟಕಶಾಲೆಯಾಗಿ ಮಾರ್ಪಡಿಸಿದರು. ಅದಕ್ಕೆ ಇಂದು ಆಕೆಯ ಹೆಸರೇ ಇದೆ.

ಆ ಹೊತ್ತಿಗೆ ಎರಡು ವರ್ಷ ಮುಂಚೆ, ೧೯೭೧ರಲ್ಲಿ, ಅದೇ ಕಾಲೇಜಿನಿಂದ ನಾಟಕದಲ್ಲಿ ಪದವಿ ಪಡೆದ ಹುಡುಗಿ ಮೆರಿಲ್ ಸ್ಟ್ರೀಪ್. ಚಲನಚಿತ್ರ ನೋಡುವವರಿಗೆ ಆ ಹೆಸರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಆಕೆಯನ್ನು ತೋರಿಸಿ ಮಕ್ಕಳನ್ನು ನಾಟಕಕ್ಕೆ ಕಳುಹಿಸಿ ಎಂದು ಹೇಳಿದರೆ ನಿಮಗೆ ಮೋಸಮಾಡಿದಂತಾದೀತು. ಅಂಥ ಕೀರ್ತಿ ಲಕ್ಷಕ್ಕೊಬ್ಬರಿಗೆ. ನಟನೆಯ ವೃತ್ತಿಯಲ್ಲಿ ಈ ತಿಂಗಳ ಕೆಲಸ ಮುಂದಿನ ತಿಂಗಳಿಗೆ ಗ್ಯಾರಂಟಿಯಿಲ್ಲ. ಅಂದು ರಂಗದ ಮೇಲೆ ಬೀಳ್ಕೊಡುಗೆ ಪಡೆದವರಲ್ಲಿ ಅನೇಕರು ಮುಂದೆ ಉಪಾಧ್ಯಾಯರೋ ವಕೀಲರೋ ಪತ್ರಕರ್ತರೋ ಆಗುತ್ತಾರೆ. ಕೆಲವರು ರೇಡಿಯೋ ಮತ್ತು ದೂರದರ್ಶನಕ್ಕೆ ಹೋಗುತ್ತಾರೆ. ಕೆಲವರು ಕಚೇರಿಗಳನ್ನು ನಡೆಸುತ್ತಾರೆ. ಅಲ್ಲಿನ ಕಾಲೇಜುಗಳು ಇದನ್ನು ಸೋಲೆಂದು ಎಣಿಸುವುದಿಲ್ಲ. ಪರರ ಮನಸ್ಸನ್ನು ಹೊಕ್ಕು ನೋಡುವುದು, ಹತ್ತು ಮಂದಿಯೊಡನೆ ಜಗಳವಾಡಿಯೂ ಕೆಲಸ ಕೆಡಿಸದಿರುವುದು, ಹೇಳಿದ ಹೊತ್ತಿಗೆ ಒಪ್ಪಿಸುವುದು, ಸಭೆಯೆದುರು ಅಂಜದೆ ಸ್ಪಷ್ಟವಾಗಿ ಮಾತಾಡುವುದು: ಇವು ಬೇಡವಾದ ಉದ್ಯೋಗ ಯಾವುದಿದೆ?

೨೦೨೦ರ ವಸಂತದಲ್ಲಿ ಈ ವಿದ್ಯೆಗೆ ಕಠಿನ ಪರೀಕ್ಷೆ ಬಂದಿತು. ಕೋವಿಡ್ ಪಿಡುಗಿನಿಂದ ಕಾಲೇಜುಗಳು ಮುಚ್ಚಿ, ಕೊನೆಯ ವರ್ಷದವರು ತಮ್ಮ ನಾಟಕವನ್ನು ಆಡದೆಯೇ ಮನೆಗೆ ಮರಳಿದರು. ಮುಂದಿನ ತಿಂಗಳುಗಳಲ್ಲಿ ಹಲವರು ತಂತಮ್ಮ ಕೋಣೆಗಳಲ್ಲಿ ಕುಳಿತು ಕಂಪ್ಯೂಟರಿನ ತೆರೆಯ ಮೇಲೆ ಪಾತ್ರ ವಹಿಸಿದರು. ಕೆಲವರು ಅದನ್ನೂ ಬಿಟ್ಟು ಧ್ವನಿನಾಟಕವನ್ನು ಹಿಡಿದರು. ಎಲ್ಲ ಬಾಗಿಲುಗಳೂ ಮುಚ್ಚಿದಾಗ ನಾಟಕಕ್ಕೆ ಆಸರೆ ಕೊಟ್ಟದ್ದು ನಿಮ್ಮ ನಮ್ಮ ಪರಿಚಯದ ಹಳೆಯ ಕಲೆಯೇ.

ನಮ್ಮ ಕನ್ನಡಕ್ಕೂ ಆ ದೇಶದ ವಿದ್ಯಾಸಂಸ್ಥೆಗಳ ರಂಗಕ್ಕೂ ಒಂದು ನಂಟುಂಟು. ಗಿರೀಶ ಕಾರ್ನಾಡರು ೧೯೮೭-೮೮ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಅವರ ‘ನಾಗಮಂಡಲ’ ಮೊದಲು ರಂಗಕ್ಕೆ ಬಂದದ್ದು ಅವರದೇ ಇಂಗ್ಲಿಷ್ ಅನುವಾದದಲ್ಲಿ, ಆ ವಿಶ್ವವಿದ್ಯಾನಿಲಯದ ನಾಟಕಶಾಲೆಯಲ್ಲಿ. ೧೯೯೩ರಲ್ಲಿ ಮಿನಿಯಾಪೊಲಿಸ್ಸಿನ ಪ್ರಸಿದ್ಧ ಗತ್ರಿ ರಂಗಮಂದಿರ ಅದನ್ನು ಆಡಿತು.

ನಾಟಕದವನಿಗೆ ಇತರ ವಿದ್ಯೆಯೂ ಬೇಕೆಂಬ ವಿಚಾರವನ್ನು ನಾವು ಅಮೆರಿಕದಿಂದ ತರಬೇಕಾಗಿಯೂ ಇಲ್ಲ. ಬಿ. ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದವರು. ಕಂಪನಿಯ ಯಜಮಾನರಾದ ಗುಬ್ಬಿ ವೀರಣ್ಣನವರು ಈ ಹುಡುಗ ಬಣ್ಣ ಹಚ್ಚಿಕೊಂಡಿದ್ದರೆ ಸಾಕೆನ್ನಲಿಲ್ಲ, ಎಂ.ಎ. ಓದಲೆಂದು ಕಾಶಿಗೆ ಕಳುಹಿಸಿದರು. ಕಾರಂತರು ಅಲ್ಲಿ ಸಾಹಿತ್ಯದ ಜತೆಗೆ ಸಂಗೀತವನ್ನೂ ಕಲಿತು, ಆಮೇಲೆ ೧೯೫೯ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾಟಕ ಶಾಲೆಯಿಂದ ೧೯೬೨ರಲ್ಲಿ ಹೊರಬಂದರು. ಅವರಿಂದ ಕನ್ನಡ ರಂಗಭೂಮಿಗೆ ಏನಾಯಿತೆಂಬುದು ನಿಮಗೆ ತಿಳಿದೇ ಇದೆ. ಕಾಲೇಜಿನ ಮೆಟ್ಟಿಲು ಹತ್ತದವರೂ ಇದ್ದ ಕಂಪನಿಯ ಯಜಮಾನರೊಬ್ಬರಿಗೆ ತೋಚಿದ್ದು, ಅಮೆರಿಕದ ಕಾಲೇಜುಗಳು ನಂಬಿ ನಡೆಯುತ್ತಿರುವ ತತ್ತ್ವವೇ. ೧೯೮೦ರಲ್ಲಿ ಹೆಗ್ಗೋಡಿನ ಹಳ್ಳಿಯಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಅಲ್ಲಿಯೂ ನಟನೆ ಕಲಿಯುವವರು ತೆರೆಯ ಹಿಂದಿನ ಕೆಲಸವನ್ನು ಕಲಿಯುತ್ತಾರೆ.

ಹೀಗಿರಲಾಗಿ, ಮಗನೋ ಮಗಳೋ ಕಾಫಿಯ ಹೊತ್ತಿಗೆ ಆ ಮಾತನ್ನು ಎತ್ತಿದರೆ ಏನು ಹೇಳೋಣ? ಪತ್ರಿಕೆಯನ್ನು ಮಡಿಸಿಡುವುದು ಸರಿಯೇ. ‘ಮುಂದೆ?’ ಎಂದು ಕೇಳುವ ಬದಲು ‘ಜತೆಗೆ ಇನ್ನೇನು ಓದುತ್ತೀ?’ ಎಂದು ಕೇಳಿ ನೋಡಿ. ‘ಪಾತ್ರ ಸಿಕ್ಕದಿದ್ದರೆ ತೆರೆ ಎಳೆಯುವೆಯಾ?’ ಎಂದೂ ಕೇಳಿ. ಪಾತ್ರ ಸಿಕ್ಕರೆ ಮಾತ್ರ ಎನ್ನುವ ಹುಡುಗನಿಗೆ ಬೇಕಾದದ್ದು ಚಪ್ಪಾಳೆ. ಅವನನ್ನು ಸ್ವಲ್ಪ ಕಾಯಿಸಿದರೆ ಬಾಧಕವಿಲ್ಲ. ಸುತ್ತಿಗೆ ಹಿಡಿಯಲೂ ಸಿದ್ಧ ಎಂದವನನ್ನು ನಂಬಬಹುದು.

ಮುಂದಿನ ಸಲ ವಾರ್ಷಿಕೋತ್ಸವದ ನಾಟಕಕ್ಕೆ ಹೋದಾಗ, ತೆರೆ ಬಿದ್ದೊಡನೆ ಬಸ್ಸಿಗೆ ಓಡದೆ ಐದು ನಿಮಿಷ ನಿಲ್ಲಿ. ದೀಪ ಹಿಡಿದವರು ಯಾರು, ಮಾತು ಮರೆತಾಗ ಮೆಲ್ಲಗೆ ಎತ್ತಿಕೊಟ್ಟವರು ಯಾರು ಎಂದು ವಿಚಾರಿಸಿ, ಆ ಮಕ್ಕಳಿಗೂ ಎರಡು ಒಳ್ಳೆಯ ಮಾತು ಹೇಳಿ ಬನ್ನಿ.